ಕೆಲಸಕ್ಕೆ ಹೇಳಿದ ನೆಂಟಸ್ತನ

ಗುರುವಾರ ಬಂತೆಂದರೆ ನನ್ನ ಮಂಡಿಗೆ ಮೊದಲು ಗೊತ್ತಾಗುತ್ತದೆ. ಗುಬ್ಬಿಯಲ್ಲಿ ಸಿಮೆಂಟ್ ಅಂಗಡಿಯ ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು ಏಣಿಯಷ್ಟು ಕಡಿದು, ಹಿಡಿದುಕೊಳ್ಳಲು ಕಂಬಿಯಿಲ್ಲ. ಹತ್ತಿ ಬಾಗಿಲಲ್ಲಿ ನಿಂತು ಉಸಿರು ಬಿಡುವಷ್ಟರಲ್ಲಿ ಒಳಗಿನವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ, ನನಗೊಂದು ಲೋಟ ನೀರು ತುಂಬಿಸಿಟ್ಟಿರುತ್ತಾರೆ. ಅಲ್ಲಿ ನಾನು ಹೇಳಿಕೊಡುವುದು ಒಂದೇ ವಿದ್ಯೆ: ಬೇಡ ಅನ್ನುವವನ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು.

ಕೂತವರೆಲ್ಲ ಒಂದು ಸಣ್ಣ ಸಂಸ್ಥೆಯ ಸಿಬ್ಬಂದಿ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಮನಸ್ಸಿನ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಡುವುದು, ಸಿಕ್ಕ ಕೆಲಸ ಕೈತಪ್ಪದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ. ಮಾತ್ರೆ ಬರೆಯುವುದು ಡಾಕ್ಟರು. ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಮಾತ್ರೆ ಸಿಗುತ್ತದೆ. ಅದನ್ನು ನುಂಗಿ, ಕಾಯಿಲೆ ಒಂದು ಹದಕ್ಕೆ ಬಂದು, ಬೆಳಿಗ್ಗೆ ಎದ್ದು ಮುಖ ತೊಳೆದು ಕೂತವರು ಆಮೇಲೆ ಏನು ಮಾಡಬೇಕು? ಜಗಲಿಯ ಮೇಲೆ ಎಷ್ಟು ವರ್ಷ ಕೂರುತ್ತಾರೆ? ಅಲ್ಲಿಂದ ಮುಂದಿನದು ನಮ್ಮ ಪಾಲಿನದು.

ಈ ಪಾಠಕ್ಕೆ ನನ್ನನ್ನು ಯಾಕೆ ಕರೆದರು ಅಂದರೆ, ನಾನು ಬದುಕು ಮಾಡಿದ್ದೇ ಬಾಯಿಂದ. ಮದುವೆಯಾಗಿ ತುಮಕೂರಿಗೆ ಬಂದ ಹೊಸದರಲ್ಲಿ ಹಳೇ ಸೀರೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಮಾಡಿದೆ. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬೀದಿ ಬೀದಿ ತಿರುಗಿದೆ. ಜರಿ ಸೀರೆ ಹಿಡಿದುಕೊಂಡು ಬಂದು 'ಇದಕ್ಕೆ ಕುಕ್ಕರ್ ಕೊಡ್ತೀಯಾ' ಎಂದು ಕೇಳುವ ಹೆಂಗಸಿಗೆ ಒಂದು ಡಬರಿ ಕೊಟ್ಟು, ಅವಳೇ ಗೆದ್ದೆ ಅಂದುಕೊಳ್ಳುವ ಹಾಗೆ ಕಳಿಸುವುದು ಸುಲಭದ ಮಾತಲ್ಲ. ಆಮೇಲೆ ಹಿರೇಹಳ್ಳಿಯ ಫ್ಯಾಕ್ಟರಿಗಳಿಗೆ ಕಸ ಗುಡಿಸುವವರನ್ನು, ಕ್ಯಾಂಟೀನಿನವರನ್ನು ಒದಗಿಸುವ ಕಾಂಟ್ರ್ಯಾಕ್ಟ್ ಹಿಡಿದೆ. ಗೇಟಿನ ಸೆಕ್ಯೂರಿಟಿಯವನಿಂದ ಹಿಡಿದು ಮಾಲೀಕನ ಭಾವಮೈದುನನವರೆಗೆ ಯಾರ ಹತ್ತಿರ ಏನು ಮಾತಾಡಬೇಕು, ಏನು ಮಾತಾಡಬಾರದು ಅನ್ನುವುದು ಅಲ್ಲಿ ಬಂತು. ಈಗ ಆ ಕಾಂಟ್ರ್ಯಾಕ್ಟನ್ನು ಮಗಳು ನೋಡಿಕೊಳ್ಳುತ್ತಾಳೆ. ನಾನು ಮೆಟ್ಟಿಲು ಹತ್ತುತ್ತೇನೆ.

ಕ್ಲಾಸಿನಲ್ಲಿ ನಾನೇ ಮಾಲೀಕನಾಗುತ್ತೇನೆ. ಮೊಬೈಲ್ ನೋಡುತ್ತಾ, ಬಂದವರಿಗೆ ಮುಖ ಕೊಡದೆ ಕೂರುತ್ತೇನೆ. ಒಬ್ಬೊಬ್ಬರಾಗಿ ಬಂದು ಕೆಲಸ ಕೇಳಬೇಕು. ಹೊಸಬರು ಶುರು ಮಾಡುವುದೇ ಹೀಗೆ:

"ನಮಸ್ಕಾರ ಸಾರ್. ಸಂಸ್ಥೆಯಿಂದ ಬಂದಿದೀವಿ. ಪಾಪ, ತುಂಬಾ ಕಷ್ಟದಲ್ಲಿರೋರು ಸಾರ್..."

"ಚಂದಾ ಮೊನ್ನೆ ಕೊಟ್ಟಾಯ್ತಲ್ಲಪ್ಪ. ಎಷ್ಟ್ ಸಲ ಬರ್ತೀರಿ?" ಎನ್ನುತ್ತೇನೆ ನಾನು.

ಎಲ್ಲರೂ ನಗುತ್ತಾರೆ. ನಗಲಿ. 'ಪಾಪ' ಎಂಬ ಮಾತು ಮೊದಲು ಬಾಯಿಗೆ ಬಂದರೆ ಆ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. ಪಾಪ ಎಂದು ಕೊಟ್ಟ ಕೆಲಸ, ಮಾಲೀಕನಿಗೆ ಆ ಪಾಪ ಅನ್ನಿಸುವುದು ಮುಗಿದ ದಿನ ಹೋಗುತ್ತದೆ. ಮೊದಲು ಅವನಿಗೆ ಏನು ತೊಂದರೆ ಇದೆ ಕೇಳಿ. ಜನ ಬಿಟ್ಟು ಹೋಗುತ್ತಿದ್ದಾರಾ? ಹಬ್ಬ ಬಂದರೆ ಅರ್ಧ ಜನ ನಾಪತ್ತೆಯಾ? ಅವನ ತೊಂದರೆ ಗೊತ್ತಾದ ಮೇಲೆ ನಿಮ್ಮ ಮನುಷ್ಯನ ಮಾತು ಎತ್ತಿ. ಇದನ್ನು ಎಷ್ಟು ಗುರುವಾರ ಹೇಳಿದ್ದೇನೋ. ಹೇಳಿ ಹೇಳಿ ನನ್ನ ದನಿಯೇ ನನಗೆ ರೇಡಿಯೋ ಥರ ಕೇಳಿಸುತ್ತದೆ.

ಆ ಕುರ್ಚಿಗಳಲ್ಲಿ ಒಂದರಲ್ಲಿ ಗುಬ್ಬಿಯವಳೇ ಒಬ್ಬಳು ಕೂರುತ್ತಿದ್ದಳು. ಮೂವತ್ತು ದಾಟಿದ ಹೆಂಗಸು. ಮೊದಲು ಹೊಲಿಗೆ ಕಲಿಸುತ್ತಿದ್ದಳು. ಗಂಡ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಬಾಡಿಗೆ ವ್ಯಾನ್ ಓಡಿಸುತ್ತಾನೆ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆಯ ಮೇಲೆ ವಿಭೂತಿ ತಪ್ಪದು. ಯಾರ ಮನೆಗೆ ಹೋದರೂ ಐದು ನಿಮಿಷಕ್ಕೆ ಅಡುಗೆಮನೆ ಸೇರುವ ಜಾತಿ ಅವಳದು. ಅಂಥ ಗುಣ ಕಲಿಸಿ ಬರುವುದಲ್ಲ. ಅವಳ ಪಾಲಿಗೆ ಬಂದವಳು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಹೇಳುವುದು ಬೇಡ. ಕೊತ್ತಗೆರೆಯವಳು ಅನ್ನುತ್ತೇನೆ.

ಕೊತ್ತಗೆರೆಯವಳಿಗೆ ಕಿವಿಯಲ್ಲಿ ಮಾತು ಕೇಳಿಸುವ ಕಾಯಿಲೆ. ಹಿಂದೆ ಯಾರೋ ನಿಂತು ಅವಳನ್ನು ಆಡಿಕೊಂಡ ಹಾಗೆ, ನಕ್ಕ ಹಾಗೆ. ತಿರುಗಿ ನೋಡಿದರೆ ಗೋಡೆ. ಮದುವೆ ಅದರಿಂದಲೇ ಮುರಿದು, ಅಣ್ಣನ ಮನೆಯಲ್ಲಿದ್ದಳು. ಮಾತ್ರೆ ಹಿಡಿದ ಮೇಲೆ ಆ ಮಾತುಗಳು ದೂರ ಹೋಗಿದ್ದವು. ಬೆಳಗಿನ ಹೊತ್ತು ಮಾತ್ರ ತಲೆ ಭಾರ, ಬೇಗ ಏಳಲು ಆಗುವುದಿಲ್ಲ. ಹಿಂದೆ ಎರಡು ಕಡೆ ಕೆಲಸಕ್ಕೆ ಸೇರಿ ಬಿಟ್ಟು ಬಂದಿದ್ದಳು. ಅಣ್ಣ ಕೆಟ್ಟವನಲ್ಲ, ದಣಿದವನು. ಈ ಸಲ ಹೊರಡುವಾಗ ಗುಬ್ಬಿಯವಳ ಎದುರಿಗೇ ಹೇಳಿದ್ದ:

"ಇದೇ ಕಡೇ ಸಲ ಕಣಮ್ಮ. ಇದನ್ನೂ ಬುಟ್ ಬಂದ್ರೆ ಮನೇಲೇ ಇರ್ಲಿ. ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಯ್ತಿಲ್ಲ ನಂಗೆ."

ಮನೆಯಲ್ಲೇ ಇರುವುದು ಅಂದರೆ ಏನು ಎಂದು ಅವಳಿಗೆ ಗೊತ್ತಿತ್ತು. ಮದುವೆ ಮುರಿದ ಮೇಲೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಹಾಗೇ ಇದ್ದವಳು.

ಗುಬ್ಬಿಯವಳು ಹುಡುಕಿದ ಕೆಲಸ ಒಳ್ಳೆಯದೇ. ಕುಣಿಗಲ್ ಊರಾಚೆ ಕೊಬ್ಬರಿ ತುರಿ ತಯಾರಿಸುವ ಒಂದು ಸಣ್ಣ ಫ್ಯಾಕ್ಟರಿ. ಕಾಯಿ ಒಡೆದು ಕರಟ ತೆಗೆದ ಮೇಲೆ ಹೆಂಗಸರು ಸಾಲಾಗಿ ಕೂತು ಚಾಕುವಿನಿಂದ ಕಂದು ಸಿಪ್ಪೆ ಹೆರೆಯುತ್ತಾರೆ. ಆಮೇಲೆ ಅದನ್ನು ತೊಳೆದು, ತುರಿದು, ಒಣಗಿಸಿ ಬೇಕರಿಗಳಿಗೆ ಕಳಿಸುತ್ತಾರೆ. ಕೊತ್ತಗೆರೆಯವಳಿಗೆ ಸಿಕ್ಕಿದ್ದು ತೊಳೆಯುವ ತೊಟ್ಟಿಯ ಹತ್ತಿರ ಕೆಟ್ಟ ಚೂರು ಆರಿಸುವ ಕೆಲಸ. ಉಳಿದವರಿಗಿಂತ ಒಂದು ಗಂಟೆ ತಡವಾಗಿ ಬಂದರೂ ನಡೆಯುತ್ತದೆ ಎಂದಿದ್ದರಂತೆ. ಬಸ್ಸು ಈಗ ಹೆಂಗಸರಿಗೆ ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ಇಷ್ಟೆಲ್ಲ ಒಂದೇ ಭೇಟಿಗೆ ಆಗಿತ್ತು.

"ಒಂದೇ ಸಲಕ್ಕೆ ಒಪ್ಕೊಂಡ್ರಾ?" ಎಂದು ಕ್ಲಾಸಿನಲ್ಲಿ ಕೇಳಿದೆ.

"ಮಾತಾಡ್ದೆ ಅಕ್ಕ, ಒಪ್ಕೊಂಡ್ರು."

"ಏನ್ ಮಾತಾಡ್ದೆ?"

"ನೀವ್ ಹೇಳಿಕೊಟ್ಟಿದ್ದೇ ಅಕ್ಕ" ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾತ್ರೆ ವ್ಯಾಪಾರದಲ್ಲಿ ಸಲೀಸಾಗಿ ಸಿಕ್ಕಿದ್ದನ್ನು ತಿರುಗಿಸಿ ತಳ ನೋಡುವುದು ರೂಢಿ. ಹೊಳಪು ಮೇಲೆ ಇರುತ್ತದೆ, ಬೆಸುಗೆ ತಳದಲ್ಲಿ. ಇದರ ತಳ ನನಗೆ ಕಂಡದ್ದು ಕೆಲವು ವಾರ ಆದ ಮೇಲೆ, ಒಂದು ಸೋಮವಾರ ಮಧ್ಯಾಹ್ನ. ನಾನು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡಿದ್ದೆ. ಗುಬ್ಬಿಯವಳ ಫೋನು.

"ಅಕ್ಕ, ಕೆಲ್ಸ ಹೋಯ್ತು ಅನ್ಸುತ್ತೆ. ಊಟದ್ ಡಬ್ಬಿನೂ ಅಲ್ಲೇ ಬುಟ್ಟು ಎದ್ ಹೋಗವ್ಳೆ. ಓನರ್ರು ನಂಗೆ ಫೋನ್ ಮಾಡಿ ಬಾಯಿಗ್ ಬಂದಂಗ್ ಅಂದ್ರು."

"ಅಳಬೇಡ. ನಾಳೆ ಬೆಳಿಗ್ಗೆ ತುಮಕೂರು ಬಸ್‌ಸ್ಟ್ಯಾಂಡಿಗೆ ಬಾ."

ಮರುದಿನ ಕುಣಿಗಲ್ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು. ಮೊದಲ ದಿನ ಫ್ಯಾಕ್ಟರಿಗೆ ಹೋದಾಗ ಮಾಲೀಕ ಕೇಳಿದ್ದು ಒಂದೇ ಮಾತು: 'ಯಾರ ಕಡೆಯೋಳು?' ನಮ್ಮ ಕಡೆ ಯಾರೂ ದಾರಿಯಲ್ಲಿ ಹೋಗುವವರನ್ನು ಕರೆದು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಆ ಸಾಲಿನಲ್ಲಿ ಕೂತ ಪ್ರತಿ ಹೆಂಗಸೂ ಯಾರದೋ ನಾದಿನಿ, ಯಾರದೋ ಓರಗಿತ್ತಿ. ನಾಳೆ ಒಬ್ಬಳು ಬರದಿದ್ದರೆ ಇನ್ನೊಬ್ಬಳನ್ನು ಹಿಡಿದು ಕೇಳಬಹುದು. ಮಾಲೀಕನ ಹಣೆಯಲ್ಲೂ ವಿಭೂತಿ ಇತ್ತು. ಇವಳ ಊರು ಕೇಳಿದ, ತಾಯಿಯ ಊರು ಕೇಳಿದ, ಯಾವ ಮಠ ಕೇಳಿದ. ಎಲ್ಲ ಹೊಂದಿಕೊಂಡಿತು. ಆಗ ಇವಳ ಬಾಯಿಂದ ಬಂದೇಬಿಟ್ಟಿತು: 'ನಮ್ ಚಿಕ್ಕಮ್ಮನ ಮಗ್ಳು ಅಣ್ಣ.'

"ಆಮ್ಯಾಕೆ?"

"ಆಮ್ಯಾಕೆ ಏನಿಲ್ಲ ಅಕ್ಕ. ಕಾಫಿ ತರಿಸಿದ್ರು. ಕೆಲ್ಸ ಕೊಟ್ರು. ಅವ್ಳಿಗೆ ಹೇಳ್ದೆ, ಯಾರಾನ ಕೇಳಿದ್ರೆ ನಾನು ನಿಮ್ಮಕ್ಕ ಅಂತ ಹೇಳು ಅಂತ."

"ಕಾಯಿಲೆ ವಿಚಾರ?"

"ಸ್ವಲ್ಪ ವೀಕ್‌ನೆಸ್ಸು ಅಂದೆ."

ಇವಳು ಹೇಳಿಕೊಟ್ಟ ಹಾಗೇ ಕೊತ್ತಗೆರೆಯವಳು ನಡೆದುಕೊಂಡಿದ್ದಾಳೆ. ಮಾತು ಕಡಿಮೆ, ಕೆಲಸ ಮಾಡಿಕೊಂಡು ಹೋಗಿದ್ದಾಳೆ. ಆ ಸೋಮವಾರ ಊಟಕ್ಕೆ ಕೂತಾಗ ಪಕ್ಕದವಳು ಮಾತಿಗೆ ಕೇಳಿದ್ದು: 'ನೆನ್ನೆ ಭಾನ್ವಾರ, ಏನ್ ಸಾರು ಮಾಡಿದ್ರಿ?' ಇವಳು ಮುದ್ದೆ ಮುರಿಯುತ್ತಾ, 'ಕೋಳಿ ಸಾರು. ಅಣ್ಣ ನಾಟಿ ಕೋಳಿ ತಂದಿದ್ದ' ಎಂದಳು.

ಗುಬ್ಬಿಯವಳ ಮನೆಯಲ್ಲಿ ಮೊಟ್ಟೆ ಕೂಡ ಹೊಸ್ತಿಲು ದಾಟುವುದಿಲ್ಲ. ಮಾಲೀಕನ ಮನೆಯಲ್ಲೂ ಅಷ್ಟೆ. ಅವನ ಬಳಗದ ನಾಲ್ಕು ಹೆಂಗಸರು ಆ ಸಾಲಿನಲ್ಲೇ ಇದ್ದರು. ಚಿಕ್ಕಮ್ಮನ ಮಗಳು ಕೋಳಿ ಸಾರು ಉಂಡಳೆಂದರೆ ಸಾಲು ಸುಮ್ಮನಿರುತ್ತದಾ? ಮೊದಲು ಗಪ್‌ಚಿಪ್ ಆಯಿತಂತೆ, ಆಮೇಲೆ ಪಿಸಪಿಸ, ಆಮೇಲೆ ನಗು. 'ಯಾರ್ ಮಗ್ಳು ಅಂತ ಇವ್ಳಿಗೇ ಗೊತ್ತಿಲ್ಲ ಕಣೇ' ಎಂದು ಒಬ್ಬಳು. 'ಬ್ಯಾಗಲ್ಲಿ ಅದೆಂಥದೋ ಮಾತ್ರೆ ಮಡಿಕ್ಕೊಂಡವ್ಳೆ, ನಾನ್ ನೋಡಿದೀನಿ' ಎಂದು ಇನ್ನೊಬ್ಬಳು. ಕೊತ್ತಗೆರೆಯವಳು ಡಬ್ಬಿ ಮುಚ್ಚಲಿಲ್ಲ, ಕೈ ತೊಳೆಯಲಿಲ್ಲ. ಎದ್ದು ಗೇಟು ದಾಟಿ ಹೋದಳು.

ನಾನು ಗುಬ್ಬಿಯವಳನ್ನು ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕು. ಹೊರಗಡೆ ಹೆಬ್ಬೂರು ದಾಟುತ್ತಿತ್ತು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಸೀದಾ ಫ್ಯಾಕ್ಟ್ರಿಗೆ ಹೋಗಿ ಕಾಲಿಗ್ ಬಿದ್ಬುಡಣ ಅಕ್ಕ" ಎಂದಳು.

"ಮೊದ್ಲು ಅವ್ಳ ಮನೆಗೆ."

"ಯಾಕಕ್ಕ? ಕೆಲ್ಸ ಇರೋದು ಫ್ಯಾಕ್ಟ್ರೀಲಿ."

"ಕೆಲ್ಸ ಯಾರ್ದು? ನಿಂದಾ?"

ಈ ಕಸುಬಿಗೆ ಬರುವ ಯಾರಿಗಾದರೂ ಇದೊಂದು ಮಾತು ಹೇಳುತ್ತೇನೆ. ಗಲಾಟೆಯಾದಾಗ ನಮ್ಮ ಕಾಲು ತಾನಾಗಿ ಮಾಲೀಕನ ಕಡೆಗೆ ಓಡುತ್ತದೆ, ಯಾಕೆಂದರೆ ಅಲ್ಲಿ ಕಳೆಯುವುದು ನಮ್ಮ ಮಾನ. ಕೆಲಸ ಯಾರದೋ ಅವರ ಹತ್ತಿರ ಮೊದಲು ಹೋಗಿ, ಅದು ಬೇಕಾ ಬೇಡವಾ ಎಂದು ಕೇಳಬೇಕು. ಬೇಡ ಅಂದರೆ ನಿಮ್ಮ ಚೌಕಾಸಿ ಯಾರಿಗಾಗಿ?

ಕುಣಿಗಲ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಹೋದೆವು. ಅಣ್ಣ ತೋಟದಲ್ಲಿದ್ದ. ಅತ್ತಿಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ಗದ್ದದಿಂದ ಕೊಟ್ಟಿಗೆ ಪಕ್ಕದ ಕೋಣೆ ತೋರಿಸಿದಳು. ಕೊತ್ತಗೆರೆಯವಳು ಹಿಂದಿನ ದಿನದ ಸೀರೆಯಲ್ಲೇ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ನಾವು ಚಾಪೆಯ ಮೇಲೆ ಕೂತೆವು. ಮಂಡಿ ಮಡಿಸುವಾಗ ನನ್ನ ಬಾಯಿಂದ 'ಅಯ್ಯಪ್ಪಾ' ಎಂದು ಬಂದದ್ದಕ್ಕೆ ಅವಳು ಒಂದು ದಿಂಬು ತಳ್ಳಿದಳು. ಆಮೇಲೆ ಗುಬ್ಬಿಯವಳನ್ನು ನೋಡಿ ಕೇಳಿದಳು:

"ಅಕ್ಕ, ಒಂದ್ ಕೇಳ್ತೀನಿ, ದಿಟ ಹೇಳ್ತೀಯಾ? ಅವ್ರು ನನ್ ಹಿಂದೆ ನಿಜವಾಗ್ಲೂ ನಕ್ರಾ? ಇಲ್ಲ ನಂಗೇ ಕೇಳಿಸ್ತಾ?"

ಗುಬ್ಬಿಯವಳು ನನ್ನ ಮುಖ ನೋಡಿದಳು. ಸಮಾಧಾನ ಮಾಡುವವರ ಬಾಯಿಗೆ ಇಂಥ ಹೊತ್ತಿನಲ್ಲಿ ಏನು ಬರುತ್ತದೆ ಎಂದು ನನಗೆ ಗೊತ್ತು: 'ಯಾರೂ ನಕ್ಕಿಲ್ಲ ಬುಡಮ್ಮ.' ಅದು ಬೇಡ ಎಂದು ನಾನು ತಲೆ ಅಲ್ಲಾಡಿಸಿದೆ. ಅವಳಿಗೆ ಅರ್ಥವಾಯಿತು.

"ನಿಜವಾಗ್ಲೂ ನಕ್ಕವ್ರೆ ಕಣೇ. ಓನರ್ರೇ ಹೇಳಿದ್ರು ಫೋನಲ್ಲಿ."

ಕೊತ್ತಗೆರೆಯವಳು ಉದ್ದಕ್ಕೆ ಉಸಿರು ಬಿಟ್ಟಳು. ಭುಜ ಇಳಿಯಿತು.

"ಹಂಗಾದ್ರೆ ಸರಿ. ನಾನು ಕಾಯ್ಲೆ ತಿರ್ಗ ಬಂತು ಅನ್ಕೊಂಡೆ."

"ಅದುಕ್ಕಾ ಎದ್ ಬಂದಿದ್ದು?"

"ಹೂಂ. ತಿರ್ಗ ಬಂದ್ರೆ ಆಮೇಕೆ ನಂಗೇನಾಯ್ತದೆ ಅಂತ ನಂಗ್ ಗೊತ್ತಲ್ಲ. ಎಲ್ಲಾರ್ ಮುಂದೆ ಬ್ಯಾಡ ಅಂತ ಬಂದೆ. ನಿಜವಾಗ್ ನಕ್ಕಿದ್ರೆ ನಕ್ಕೊಳ್ಳಿ. ನಮ್ಮತ್ಗೆ ದಿನಾ ನಗಲ್ವಾ?"

ಹೊರಗೆ ಜರಡಿಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಅಲ್ಲಿಯವರೆಗೆ ನಾನು ಈ ಸುಳ್ಳನ್ನು ವ್ಯಾಪಾರದ ಸುಳ್ಳು ಎಂದೇ ಎಣಿಸಿದ್ದೆ. ಎಲ್ಲರೂ ಹೇಳುವಂಥದ್ದು, ಸಿಕ್ಕಿಬಿದ್ದರೆ ನಕ್ಕು ದಾಟಿಸುವಂಥದ್ದು. ಆ ಚಾಪೆಯ ಮೇಲೆ ಕೂತಾಗ ಅದರ ಭಾರ ತಿಳಿಯಿತು. ಯಾವುದು ಹೊರಗಿನ ಮಾತು, ಯಾವುದು ತನ್ನ ತಲೆಯೊಳಗಿನ ಮಾತು ಎಂದು ಎದ್ದಾಗಿನಿಂದ ಮಲಗುವವರೆಗೆ ಬೇರೆ ಮಾಡುತ್ತಲೇ ಇರುವವಳು ಅವಳು. ಅವಳ ಕೈಗೆ ಇಲ್ಲದ ಚಿಕ್ಕಮ್ಮನನ್ನೂ ಕೊಟ್ಟು ಇದನ್ನೂ ಸಂಭಾಳಿಸು ಎಂದರೆ ಹೇಗೆ?

"ಕೆಲ್ಸ ಬೇಕಾ?" ಎಂದು ಕೇಳಿದೆ.

"ಬೇಕು."

"ಅಲ್ಲಿ ಏನ್ ಹೇಳಣ?"

"ಚಿಕ್ಕಮ್ಮನ್ ಮಗ್ಳು ಅನ್ನೋದ್ ಬ್ಯಾಡ. ಅದ್ನ ನೆಪ್ಪಿಟ್ಕೊಳ್ಳಾಕಾಗಲ್ಲ ನಂಗೆ."

"ಕಾಯಿಲೆ?"

ಅವಳು ಸೀರೆಯ ಅಂಚು ಮಡಿಸಿದಳು. "ಹೆಂಗಿದ್ರೂ ಮಾತ್ರೆ ನೋಡವ್ರಂತಲ್ಲ. ಅವ್ರವ್ರೇ ಕಟ್ಕೊಂಡ್ ಹೇಳೋದ್ಕಿಂತ ನಾನೇ ಹೇಳ್ತೀನಿ. ಪೂರ್ತಿ ಅಲ್ಲ. ಎಷ್ಟ್ ಬೇಕೋ ಅಷ್ಟು."

ಆಮೇಲೆ ಎದ್ದು ಹೋಗಿ ಮುಖ ತೊಳೆದು, ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದಳು. ಅಷ್ಟು ಹೊತ್ತೂ ಗುಬ್ಬಿಯವಳು ಅತ್ತಿಗೆಯ ಜೊತೆ ಜರಡಿ ಹಿಡಿದಳು.

ಫ್ಯಾಕ್ಟರಿ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಒಣಗಿಸುವ ಯಂತ್ರದ ಕಡೆಯಿಂದ ಬಿಸಿ ಕೊಬ್ಬರಿಯ ವಾಸನೆ. ಸಾಲಿನಲ್ಲಿದ್ದ ಹೆಂಗಸರ ಕೈಯಲ್ಲಿ ಚಾಕು ಓಡುತ್ತಲೇ ಇತ್ತು, ಕಣ್ಣು ಮಾತ್ರ ನಮ್ಮ ಮೇಲೆ. ಮಾಲೀಕ ಐವತ್ತರ ಆಸುಪಾಸಿನವನು, ಬಿಳಿ ಶರ್ಟು, ಹಣೆಯಲ್ಲಿ ಮೂರು ಗೆರೆ ವಿಭೂತಿ. ಕೂರಿ ಎಂದವನು ಗುಬ್ಬಿಯವಳ ಕಡೆಗೆ ತಿರುಗಿದ.

"ಏನಮ್ಮ, ನಿಮ್ ಚಿಕ್ಕಮ್ಮ ಕೋಳಿ ಸಾರು ಬಾಳ ಚೆನ್ನಾಗ್ ಮಾಡ್ತಾರಂತೆ?"

ಅವನೇ ಮುಂದುವರಿಸಿದ:

"ನಮ್ಮನೇವ್ಳಿಗೆ ಹೇಳಿದ್ದೆ, ಗುಬ್ಬಿ ಕಡೆ ನೆಂಟ್ರು ಸಿಕ್ಕವ್ರೆ, ಮನೆಗ್ ಕರೀಬೇಕು ಅಂತ. ಈಗ ಮನೇಲ್ ನನ್ನೇ ಆಡ್ಕೊಂಡ್ ನಗ್ತಾವ್ರೆ."

"ಅವ್ಳ ಬಾಯಿಂದ ಸುಳ್ ಬಂದದ್ದು ನಿಜ" ಎಂದೆ ನಾನು. "ನೀವು ಬೈದದ್ದೂ ನ್ಯಾಯವೇ. ಅದ್ ಅಲ್ಲಿಗಿರ್ಲಿ. ಕೆಲ್ಸ ಹೆಂಗ್ ಮಾಡ್ತಿದ್ಲು, ಅದ್ ಹೇಳಿ."

"ನೀವ್ಯಾರು? ನೀವೂ ಚಿಕ್ಕಮ್ಮನ?"

"ನಾನ್ ಇವ್ಳಿಗೆ ಕೆಲ್ಸ ಕಲಿಸೋಳು. ಯಾರಿಗೂ ನೆಂಟಳಲ್ಲ."

ಅವನು ಅರೆ ನಕ್ಕ. ಬೈಯಲು ಬಿಟ್ಟರೆ ಮನುಷ್ಯ ಅರ್ಧ ಹಗುರಾಗುತ್ತಾನೆ. ಅಡ್ಡ ಬಾಯಿ ಹಾಕಬಾರದು. ಹಗುರಾದ ಮೇಲೆ ಅವನೇ ಹೇಳಿದ: "ಕೆಲ್ಸದ್ ಮೇಲೆ ಕಂಪ್ಲೇಂಟ್ ಇಲ್ಲ. ನಿಧಾನ, ಆದ್ರೆ ಕೆಟ್ಟಿದ್ ಚೂರು ಒಳಕ್ ಬುಡಲ್ಲ. ಜಾತಿ ಕಟ್ಕೊಂಡ್ ನಂಗೇನು, ನನ್ ಹತ್ರ ಎಲ್ಲಾ ಜಾತಿಯೋರೂ ಅವ್ರೆ."

ನಾನು ಹೌದು ಹೌದು ಎಂದೆ. ಎಲ್ಲ ಜಾತಿಯವರೂ ಇರಬಹುದು. ಕಾಫಿ ಬಂದದ್ದು ಮಾತ್ರ ಚಿಕ್ಕಮ್ಮನಿಗೆ. ಆ ಬಾಗಿಲು ತೆರೆದದ್ದು ಆ ಸುಳ್ಳಿನಿಂದಲೇ ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ. ಅದನ್ನು ಅಲ್ಲಿ ಎತ್ತಿ ಆಡಿದ್ದರೆ ನನ್ನ ಬಾಯಿಚಪಲ ತೀರುತ್ತಿತ್ತು, ಅವಳ ಕೆಲಸವೂ ತೀರುತ್ತಿತ್ತು.

"ಮತ್ತೆ ಏನ್ ತೊಂದ್ರೆ?" ಎಂದು ಕೇಳಿದೆ.

ಅವನು ಹಿಂದೆಮುಂದೆ ನೋಡಲಿಲ್ಲ. "ಇಲ್ಲಿ ಅಷ್ಟೂ ಜನ್ರ ಕೈಲಿ ಚಾಕು ಇರ್ತದೆ. ಏನೋ ಮಾತ್ರೆ ಅಂತಾರೆ, ತಲೆ ಅಂತಾರೆ. ನಾಳಿಕ್ಕೆ ಇದ್ದಕ್ಕಿದ್ದಂಗೆ ಎದ್ ಹೋದ್ಲು, ದಾರೀಲಿ ಏನೋ ಆಯ್ತು ಅಂತ ಇಟ್ಕೊಳ್ಳಿ. ನಾನ್ ಯಾರಿಗ್ ಫೋನ್ ಮಾಡ್ಲಿ? ನೆಂಟ್ರು ಅಂದಿದ್ರಿ, ಧೈರ್ಯ ಇತ್ತು. ಈಗ ನೀವ್ಯಾರೂ ಏನೂ ಅಲ್ವಲ್ಲ!"

ನಿಜವಾದ ತೊಡಕು ಇದು. ಅವನಿಗೆ ಬೇಕಾಗಿದ್ದದ್ದು ನೆಂಟಸ್ತನವಲ್ಲ, ಹಿಡಿದು ಕೇಳಲು ಒಬ್ಬರು. ನಾನು ನನ್ನ ನಂಬರು ಕೊಡಲು ಬಾಯಿ ತೆರೆದೆ. ಅಣ್ಣನ ನಂಬರು ಕೊಡೋಣ ಎಂದು ಗುಬ್ಬಿಯವಳು ನನ್ನ ಮೊಣಕೈ ತಿವಿದಳು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಕೊತ್ತಗೆರೆಯವಳು ಮಾತಾಡಿದಳು. ದನಿ ಸಣ್ಣಗಿತ್ತು.

"ನಂಗೇ ಮಾಡಿ ಸಾರ್."

"ಏನು?"

"ಫೋನು. ನನ್ ಹತ್ರ ಫೋನ್ ಐತೆ. ನಂಗೆ ಕಾಯ್ಲೆ ಇರೋದ್ ನಿಜ. ಮಾತ್ರೆ ತಗೊಂಡ್ರೆ ಹದವಾಗಿರ್ತೀನಿ. ಕೆಲವ್ ದಿನ ಬೆಳಿಗ್ಗೆ ಏಳಕ್ಕೇ ಆಗಲ್ಲ. ಅವತ್ತು ನಾನೇ ಫೋನ್ ಮಾಡಿ ಹೇಳ್ತೀನಿ. ನೆನ್ನೆ ಹಂಗ್ ಹೇಳ್ದೆ ಎದ್ ಹೋಗಲ್ಲ. ಚಾಕು ಬ್ಯಾಡ, ನಾನ್ ತೊಟ್ಟಿ ಹತ್ರ ಇರ್ತೀನಿ. ಇವ್ರು ನನ್ ನೆಂಟ್ರಲ್ಲ, ಒಳ್ಳೆಯೋರು ಅಷ್ಟೆ."

ಮಾಲೀಕ ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. "ನೀನೇ ಫೋನ್ ಮಾಡ್ತೀಯಾ? ಇಲ್ಲಿ ಗಟ್ಟಿಮುಟ್ಟಾಗಿರೋರೇ ಮಾಡಲ್ಲ ಕಣವ್ವ. ಮೂರ್ ದಿನ ಬುಟ್ಕೊಂಡ್ ಬಂದು, ಅಜ್ಜಿ ತೀರ್ಕೊಂಡ್ಲು ಅಂತಾವೆ. ಒಬ್ಬೊಬ್ರಿಗೆ ನಾಲ್ಕಾರ್ ಅಜ್ಜೀರು."

ಕಿಟಕಿಯಾಚೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊತ್ತಗೆರೆಯವಳು ತಟ್ಟನೆ ಆ ಕಡೆ ತಿರುಗಿ, ನಗುವವಳನ್ನು ಕಣ್ಣಾರೆ ಕಂಡು, ಮತ್ತೆ ಈ ಕಡೆ ತಿರುಗಿದಳು.

"ಈ ತಿಂಗ್ಳು ನೋಡಣ" ಎಂದ ಅವನು. "ಹೇಳ್ದೆ ಕೇಳ್ದೆ ಒಂದ್ ದಿನ ತಪ್ಪಿದ್ರೆ ಅವತ್ತೇ ಕಡೇ."

ಗುಬ್ಬಿಯವಳು ಇನ್ನೂ ಏನೋ ಕೇಳಲು ಹೊರಟಿದ್ದಳು. ಆಸ್ಪತ್ರೆಗೆ ಹೋಗುವ ದಿನದ ರಜೆ ಇರಬೇಕು. ನಾನು ಅವಳ ಕೈ ಒತ್ತಿದೆ. ಎದುರಿನವನು ಬಿಟ್ಟುಕೊಟ್ಟ ಹೊತ್ತಿನಲ್ಲಿ ಇನ್ನೊಂದು ಚೂರು ಕೀಳಲು ಹೋಗಬಾರದು, ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಕು. ಹೊರಡುವಾಗ ಮಾಲೀಕನೂ ನಾನೂ ನಂಬರು ಕೊಟ್ಟುಕೊಂಡೆವು. ಕೊತ್ತಗೆರೆಯವಳು ತೊಟ್ಟಿಯ ಹಿಂದೆ ಹೋಗಿ ಹಿಂದಿನ ದಿನ ಬಿಟ್ಟ ಊಟದ ಡಬ್ಬಿ ಹುಡುಕಿದಳು. ಯಾರೋ ತೊಳೆದು ಬೋರಲು ಹಾಕಿದ್ದರು.

ವಾಪಸ್ ಬಸ್ಸಿನಲ್ಲಿ ಗುಬ್ಬಿಯವಳು, "ನಾನ್ ಈ ಕೆಲ್ಸ ಬುಟ್ಬುಡ್ತೀನಿ ಅಕ್ಕ, ನಂಗೆ ಹೊಲಿಗೇನೇ ಸರಿ" ಎಂದಳು. "ಗುರುವಾರ ಬಾ, ಅವತ್ತು ನೋಡಣ" ಎಂದೆ. ತುಮಕೂರು ಬರುವವರೆಗೆ ಇಬ್ಬರೂ ತೂಕಡಿಸಿದೆವು.

ಗುರುವಾರ ಬಂದಳು. ಆ ದಿನದ ಪಾಠ ಅದೇ ಆಯಿತು. ತಾನೇ ಎದ್ದು ನಿಂತು, ಕೋಳಿ ಸಾರಿನ ಕತೆಯನ್ನು ಒಂದೂ ಬಿಡದೆ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, ಹೊಸದಾಗಿ ಸೇರಿದ್ದ ತುಮಕೂರಿನ ಒಬ್ಬ, ಮೊದಲು ಇನ್ಶೂರೆನ್ಸ್ ಮಾರುತ್ತಿದ್ದವನು, ಕೇಳಿದ:

"ಅಲ್ಲ ಅಕ್ಕ, ಯಾರ್ ಕಡೆಯೋಳು ಅಂತ ನಾಳೆ ನಮ್ಮನ್ನೂ ಕೇಳ್ತಾರಲ್ಲ. ಆಗೇನ್ ಹೇಳ್ಬೇಕು?"

"ನೆಂಟ್ರಲ್ಲ, ಇವ್ರ ಕೆಲ್ಸ ನೋಡ್ಕೊಳ್ಳೋನು ಅಂತ ಮೊದ್ಲೇ ಹೇಳು."

"ಬಾಗ್ಲು ಹಾಕ್ಕೊಳ್ತಾರೆ."

"ಹಾಕ್ಕೊಳ್ತಾರೆ."

"ಮತ್ತೆ?"

"ಪಕ್ಕದ್ ಬಾಗ್ಲು. ಅದೂ ಹಾಕ್ಕೊಂಡ್ರೆ ಬಸ್ ಹತ್ತಿ ಪಕ್ಕದೂರು."

ಅವನಿಗೆ ಈ ಉತ್ತರ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ. ಇದಕ್ಕಿಂತ ಸಲೀಸಾದ ದಾರಿ ಇದ್ದಿದ್ದರೆ ಈ ಮಂಡಿ ಹೊತ್ತುಕೊಂಡು ನಾನು ಯಾಕೆ ಮೆಟ್ಟಿಲು ಹತ್ತುತ್ತಿದ್ದೆ?

ಆ ತಿಂಗಳು ಮುಗಿಯುವ ಮೊದಲು, ಇನ್ನೊಂದು ಗುರುವಾರ, ಕ್ಲಾಸಿನ ನಡುವೆ ನನ್ನ ಫೋನು ಬಡಿದುಕೊಂಡಿತು. ಕುಣಿಗಲ್ ಮಾಲೀಕ. ಗುಬ್ಬಿಯವಳು ಹೆಸರು ಓದಿ, ಕುರ್ಚಿ ತಳ್ಳಿ ಎದ್ದೇ ಬಿಟ್ಟಳು.

"ಅಮ್ಮಾ, ನಿಮ್ ಹುಡುಗಿ... ನಿಮ್ ಹುಡುಗಿ ಅಲ್ಲ ಬುಡಿ... ಆ ಕೊತ್ತ್‌ಗೆರೆಯೋಳು. ಇವತ್ ಬಂದಿಲ್ಲ."

"ಹೇಳ್ದೆ ಕೇಳ್ದೆನಾ?"

"ಇಲ್ಲ, ಬೆಳಿಗ್ಗೇನೇ ಫೋನ್ ಮಾಡಿದ್ಲು. ತಲೆ ಎತ್ತಕ್ಕಾಯ್ತಿಲ್ಲ, ಇವತ್ ಬರಲ್ಲ ಅಂತ."

"ನೀವೇನಂದ್ರಿ?"

"ಏನಂತೀನಿ? ನಾಳಿಕ್ ಬಾ ಅಂದೆ. ಅದ್ಕೇ ನಿಮ್ಗೆ ಮಾಡ್ದೆ. ಇಷ್ಟ್ ವರ್ಷದಲ್ಲಿ ನಮ್ ಫ್ಯಾಕ್ಟ್ರಿಗೆ ಇಂಥ ಫೋನ್ ಮಾಡ್ದೋಳು ಇವ್ಳೇ ಮೊದ್ಲು."

ಫೋನಿಟ್ಟಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗುಬ್ಬಿಯವಳು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು. "ಅವ್ರ ಮನೆಗೆ ಹೋಗ್ಬರ್ಲಾ ಅಕ್ಕ? ಒಂದ್ ಸಲ ನೋಡ್ಕೊಂಡ್ ಬಂದ್ಬುಡ್ತೀನಿ."

"ಕೂತ್ಕೋ."

"ಸುಮ್ನೆ ಹಂಗೇ..."

"ಹೇಳ್ಬೇಕಾದೋರ್ಗೆ ಹೇಳವ್ಳೆ. ನೀನ್ ಕೂತ್ಕೋ."

ಕೂತಳು. ಕೂರುವುದನ್ನು ಕಲಿಸುವುದೇ ಈ ಪಾಠದಲ್ಲಿ ಕಷ್ಟ. ಓಡಾಡುವುದನ್ನು ಯಾರಿಗಾದರೂ ಕಲಿಸಬಹುದು.

ಮರುದಿನ ಅವಳಿಗೆ ತಡೆಯಲಾಗಲಿಲ್ಲ. ಕೊತ್ತಗೆರೆಯವಳಿಗೆ ಫೋನ್ ಮಾಡಿದಳು. ತೆಗೆಯಲಿಲ್ಲ. ಮತ್ತೆ ಮಾಡಿದಳು, ತೆಗೆಯಲಿಲ್ಲ. ನನಗೆ ಫೋನ್ ಮಾಡಿ ಅಳುವುದಕ್ಕೆ ಶುರು ಮಾಡಿದಳು. ಕೆಲಸ ಬಿಟ್ಟಿರಬೇಕು, ಏನೋ ಆಗಿರಬೇಕು, ನೀವೇ ಕೂರಿಸಿದಿರಿ ಎಂದೆಲ್ಲ. ನನ್ನಲ್ಲೂ ಅಳುಕು ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕೊತ್ತಗೆರೆಯವಳೇ ಅವಳಿಗೆ ತಿರುಗಿ ಮಾಡಿದಳಂತೆ. ಹಿಂದೆ ಹೆಂಗಸರ ಗಲಾಟೆ, ನೀರಿನ ಸದ್ದು.

"ಏನಕ್ಕ ನೀನು, ಕೆಲ್ಸದ್ ಟೈಮಲ್ಲಿ ಅಷ್ಟ್ ಸಲ ಫೋನ್ ಮಾಡ್ತೀಯಾ? ಕೈಯೆಲ್ಲಾ ಒದ್ದೆ ಇರ್ತದೆ. ಸಂಜೆ ಮಾಡು."

ಇಷ್ಟು ಹೇಳಿ ಇಟ್ಟುಬಿಟ್ಟಳಂತೆ.